ಗೂಡು ಕಟ್ಟದ ರೇಷ್ಮೆ

ರೇಷ್ಮೆ ಹುಳು ಮನೆಯ ಬಾಗಿಲು ತೆಗೆದ ಚಂದನ ಮೊದಲು ನೋಡಿದ್ದು ಮೇಲಕ್ಕೆ. ಸೂರಿನ ಕೆಳಗೆ ಅಡ್ಡಲಾಗಿ ಕಟ್ಟಿದ್ದ ಬಿದಿರಿನ ಗಳು ಹಾಗೇ ಇತ್ತು. ಗಳುವಿನ ಮೇಲೆ ಇರಬೇಕಾದದ್ದು ಇರಲಿಲ್ಲ.

ಬೆಳಿಗ್ಗೆ ಮನೆಮಂದಿ ಶ್ರೀನಿವಾಸಪುರಕ್ಕೆ ನೆಂಟರ ಮದುವೆಗೆ ಹೊರಟಾಗ ಅವಳ ರೇಷ್ಮೆ ಹಾಳೆ ಅಲ್ಲೇ ಇತ್ತು — ಸುರುಳಿ ಸುತ್ತಿ, ತಾತನ ಹಳೇ ಪಂಚೆಯಲ್ಲಿ ಮುಚ್ಚಿಟ್ಟದ್ದು. ಈಗ ಪಂಚೆ ನೆಲದ ಮೇಲಿತ್ತು. ಹಾಳೆ ಎಲ್ಲಿ? ಅಪ್ಪ ಸುಬ್ರಮಣಿ ಹುಳು ಸಾಕುವ ಅಂತಸ್ತಿನ ಅಟ್ಟಣೆಗಳ ಕೆಳಗೆಲ್ಲ ಬಗ್ಗಿ ನೋಡಿದ. ಅಮ್ಮ ಗಂಗರತ್ನಮ್ಮ ಉಟ್ಟ ಮದುವೆ ಸೀರೆಯಲ್ಲೇ ತಿಪ್ಪೆಯವರೆಗೂ ಹೋಗಿ ಬಂದಳು. ಎಲ್ಲೂ ಇಲ್ಲ. ಮೂಲೆಯಲ್ಲಿ ಹೊಸ ಪಂಪ್‌ಸೆಟ್ಟಿನ ಮೋಟಾರು ಡಬ್ಬದಲ್ಲೇ ಕೂತಿತ್ತು. ಕಳ್ಳ ಅದರ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ.

ದೇವರಾಯಸಮುದ್ರದ ಆ ಮನೆಯಿಂದ ಮುಳಬಾಗಿಲಿಗೆ ಫೋನು ಹೋಯಿತು. ಚಂದನಳ ಪಿಯು ಕಾಲೇಜಿನ ಜೀವಶಾಸ್ತ್ರದ ಮೇಷ್ಟ್ರು ಅಮರನಾಥ್ ಆಗಷ್ಟೇ ಊಟಕ್ಕೆ ಕೂತಿದ್ದ.

"ಸಾರ್, ಹಾಳೆ ಇಲ್ಲ," ಅಂದಳು ಚಂದನ. ಅವಳು ಅಳಲಿಲ್ಲ. ಅಳದೇ ಇದ್ದದ್ದರಿಂದಲೇ ಅವನಿಗೆ ಹೆಚ್ಚು ಹೆದರಿಕೆಯಾಯಿತು.

ಮಧ್ಯೆ ಇದ್ದದ್ದು ಒಂದೇ ಒಂದು ದಿನ. ದೇಶದಲ್ಲೇ ಹೆಸರಾದ ವಿನ್ಯಾಸ ಕಾಲೇಜೊಂದರ ಪ್ರವೇಶಕ್ಕೆ ಬೆಂಗಳೂರಿನಲ್ಲಿ ಸಂದರ್ಶನ. ಲಕ್ಷಕ್ಕೆ ಹತ್ತಿರ ಮಕ್ಕಳು ಪರೀಕ್ಷೆ ಬರೆದು, ಬೆರಳೆಣಿಕೆಯಷ್ಟು ಮಂದಿಗೆ ಕರೆ ಬಂದಿತ್ತು. ಕೋಲಾರದ ಕಡೆಯಿಂದ ಇಬ್ಬರೇ. ಪ್ರತಿಯೊಬ್ಬರೂ ತಾವೇ ಮಾಡಿದ ಒಂದು ವಸ್ತುವನ್ನು ತಂದು ಮೇಜಿನ ಮೇಲಿಟ್ಟು ಅದರ ಬಗ್ಗೆ ಮಾತಾಡಬೇಕು. ಅದೇ ಅರ್ಧ ಪರೀಕ್ಷೆ. ಬರಿಗೈಯಲ್ಲಿ ಹೋದವರನ್ನು ಯಾರೂ ಕೂರಿಸಿ ಮಾತಾಡಿಸುವುದಿಲ್ಲ. ಚಂದನಳ ಹಾಳೆ ಮತ್ತೆ ಮಾಡಬೇಕೆಂದರೆ ಒಂದು ಬೆಳೆಯಲ್ಲ, ಹಲವು ಬೆಳೆ ಹುಳು ಬೇಕು.

ಆ ಹಾಳೆಯನ್ನು ಮೊದಲ ಸಲ ನೋಡಿದ ದಿನ ಅಮರನಾಥ್ ಅದನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದ್ದ. ರೇಷ್ಮೆ ಹುಳುವಿನ ಜೀವನಚಕ್ರವನ್ನು ಬೋರ್ಡಿನ ಮೇಲೆ ವರ್ಷಾವರ್ಷ ಬರೆದು ಅಳಿಸಿದವನು ಅವನು. ತಿಂದು ಬಲಿತು ಹಣ್ಣಾದ ಹುಳು ಒಂದು ಮೂಲೆ ಹುಡುಕುತ್ತದೆ, ಅಕ್ಕಪಕ್ಕದ ಕಡ್ಡಿಗೆ ನೂಲು ಕಟ್ಟುತ್ತದೆ, ತನ್ನ ಸುತ್ತ ಗೂಡು ಮುಚ್ಚಿಕೊಳ್ಳುತ್ತದೆ — ಇಷ್ಟೇ ಪಾಠ. ಮೂಲೆಯೇ ಸಿಗದಿದ್ದರೆ? ಆ ಪ್ರಶ್ನೆ ಅವನಿಗೆ ಹೊಳೆದಿರಲಿಲ್ಲ. ಚಂದನಳಿಗೆ ಹೊಳೆದಿತ್ತು. ದಾರಿ ತಪ್ಪಿದ ಒಂದು ಹುಳು ಅಡುಗೆಮನೆಯ ತಟ್ಟೆಯ ಮೇಲೆ ಗೂಡು ಕಟ್ಟಲಾಗದೆ ನೂಲನ್ನು ಹಾಗೇ ಹರವಿದ್ದನ್ನು ಅವಳು ನೋಡಿದ್ದಳು. ಆಮೇಲೆ ಪ್ರತಿ ಬೆಳೆಯಲ್ಲೂ ಅಪ್ಪನ ಹತ್ತಿರ ಒಂದು ತಟ್ಟೆ ಹುಳು ಬೇಡಿ ಪಡೆದಳು. ಮಂಚದಷ್ಟು ಅಗಲದ ಹಲಗೆಯ ಮೇಲೆ ಜೇಡಿಮಣ್ಣಿನಲ್ಲಿ ತಮ್ಮೂರಿನ ಬೆಟ್ಟಗಳನ್ನೂ ಕೆರೆಯನ್ನೂ ನುಣ್ಣಗೆ ಮಾಡಿ, ಕಾಗದ ಹೊದಿಸಿ, ಅದರ ಮೇಲೆ ಹುಳು ಬಿಟ್ಟಳು. ಹಣ್ಣು ಹುಳುವಿಗೆ ಮೇಲಕ್ಕೆ ಹತ್ತುವ ಸ್ವಭಾವ. ಬೆಟ್ಟದ ಮೇಲೆ ಹೆಚ್ಚು ಹುಳು, ಹೆಚ್ಚು ನೂಲು. ಕೆರೆಯ ಮೇಲೆ ಕಡಿಮೆ. ಬೆಳಕಿಗೆ ಹಿಡಿದರೆ ಬಂಗಾರದ ಬಣ್ಣದ ಬೆಟ್ಟಗಳು ದಟ್ಟವಾಗಿ ಎದ್ದು ನಿಲ್ಲುತ್ತಿದ್ದವು, ಕೆರೆಯ ನೀರಿನೊಳಗಿಂದ ಆಕಾಶ ಕಾಣುತ್ತಿತ್ತು. ಸೂಜಿ ಇಲ್ಲ, ಮಗ್ಗ ಇಲ್ಲ. ಒಂದು ಹುಳುವೂ ಕುದಿಯುವ ನೀರಿಗೆ ಬಿದ್ದಿಲ್ಲ. ಎಲ್ಲವೂ ಚಿಟ್ಟೆಯಾಗಿ ಎದ್ದು ಹೋಗಿದ್ದವು. ಇದು ಹದಿನೆಂಟು ತುಂಬದ ಹುಡುಗಿಯ ತಲೆಯಿಂದ ಬಂತಲ್ಲ ಎಂದು ಅಮರನಾಥನಿಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಅವನು ಅಕ್ಕನ ಮನೆಗೆ ಹೋದ. ಸುನಂದ ಸಬ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತಳಾದವಳು. ಕೆಲಸ ಬಿಟ್ಟ ಮೇಲೂ ಪ್ರಶ್ನೆ ಕೇಳುವ ಚಟ ಬಿಟ್ಟಿರಲಿಲ್ಲ. ತರಕಾರಿಯವನೂ ಅವಳ ಬೀದಿಗೆ ಬರಲು ಹಿಂದೆಮುಂದೆ ನೋಡುತ್ತಿದ್ದ. ಠಾಣೆಯಲ್ಲಿ ದೂರು ಕೊಡೋಣವೇ ಎಂದು ಅಮರನಾಥ್ ಕೇಳಿದ.

"ಏನು ಕಳೆದಿದೆ ಅಂತ ಕೇಳ್ತಾರೆ. ಹುಳು ನೇಯ್ದ ಬೆಟ್ಟ ಅಂತ ಹೇಳ್ತೀಯಾ? ಅದು ಏನು ಅಂತ ಅವರಿಗೆ ಅರ್ಥ ಆಗೋ ಹೊತ್ತಿಗೆ ನಿನ್ನ ಹುಡುಗಿಯ ಇಂಟರ್‌ವ್ಯೂ ಮುಗಿದಿರುತ್ತೆ ಕಣೋ. ಬೆಳಿಗ್ಗೆ ನಾನೇ ಬರ್ತೀನಿ."

ದಾರಿಯಲ್ಲಿ ಅಮರನಾಥ್ ತನ್ನ ಅನುಮಾನಗಳನ್ನೆಲ್ಲ ಅಕ್ಕನ ಮುಂದೆ ಸುರಿದ. ಒಂದು — ಚಂದನಳ ಚಿಕ್ಕಪ್ಪ ಮುನಿಶಾಮಿ. ವೇಮಗಲ್‌ನ ಕಾರ್ಖಾನೆಯಲ್ಲಿ ಕೆಲಸ. ಹತ್ತಿರದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಹಿಡಿಯುವುದು ಬಿಟ್ಟು ಹುಳ ಹಿಡಿದುಕೊಂಡು ಊರೂರು ಅಲೆಯುವುದೇನು ಎಂದು ಎಲ್ಲರೆದುರೂ ಹೇಳಿದ್ದವನು. ಎರಡು — ತಾತ ಅಪ್ಪಾಜಪ್ಪ. ಹುಳುವಿಗೆ ಮನೆ ಕಟ್ಟಿಕೊಳ್ಳಲು ಬಿಡದಿರುವುದು ಪಾಪ ಎಂದು ಮೊಮ್ಮಗಳ ಜತೆ ಮಾತು ಬಿಟ್ಟವನು. ಮೂರು — ಚೈತನ್ಯ. ಕರೆ ಬಂದಿದ್ದ ಇನ್ನೊಬ್ಬ ಹುಡುಗ, ಕೋಲಾರದವನು. ಹೋದ ವಾರ ಹಾಳೆ ನೋಡಲು ಬಂದಿದ್ದ, ನೋಡಿ ಮುಖ ಬಿಳಿಚಿಕೊಂಡು ಹೋಗಿದ್ದ.

"ನಾಲ್ಕನೆಯವರು?" ಸುನಂದ ಕೇಳಿದಳು.

"ಇನ್ಯಾರಿದ್ದಾರೆ ಅಕ್ಕ? ಮುರಳಿಮೋಹನ್ ಸಾರ್ ಅಂತ, ಕೋಲಾರದಲ್ಲಿ ಇಂಥ ಕಾಲೇಜುಗಳಿಗೆ ತರಬೇತಿ ಕೊಡ್ತಾರೆ. ಚೈತನ್ಯ ಅವರ ಸ್ಟೂಡೆಂಟೇ. ಚಂದನಳಿಗೂ ಪುಕ್ಕಟೆಯಾಗಿ ಒಂದು ಅಣಕು ಸಂದರ್ಶನ ಮಾಡಿಕೊಟ್ಟರು. ಬೆಂಗಳೂರಿನವರು, ದೊಡ್ಡ ಮನಸ್ಸು. ಈ ಸುದ್ದಿ ಕೇಳಿ ಅವರೇ ಫೋನ್ ಮಾಡಿ, ನಮ್ಮ ಸೆಂಟರಿನಲ್ಲಿ ಒಳ್ಳೇ ಚಿತ್ರ ಇದೆ, ಬೇಕಿದ್ದರೆ ಅದನ್ನ ತಗೊಂಡು ಹೋಗಲಿ ಅಂದರು."

ಸುನಂದ ಕಾರಿನ ಕಿಟಕಿಯಾಚೆ ನೋಡಿದಳು.

ಹುಳು ಮನೆ ವಾಸದ ಮನೆಯ ಹಿಂದೆ, ಹಿಪ್ಪುನೇರಳೆ ತೋಟದ ಅಂಚಿಗಿತ್ತು. ಒಳಗೆ ಹೋಗುವುದು ಅಷ್ಟು ಸುಲಭವಿರಲಿಲ್ಲ. ಚಪ್ಪಲಿ ಬಿಡಿಸಿದರು, ಕೈಕಾಲು ತೊಳೆಸಿದರು, ಹೊಸ್ತಿಲಲ್ಲಿ ಹರಡಿದ್ದ ಸುಣ್ಣದ ಪುಡಿ ತುಳಿಸಿದರು. ಬಾಗಿಲ ಒಳಗೆ ಸೊಳ್ಳೆ ಪರದೆಯಂಥ ಬಲೆ, ಅದಕ್ಕೊಂದು ಕಟ್ಟು. ಊಜಿ ನೊಣ ಒಳಗೆ ಬಂದು ಹುಳುವಿನ ಮೇಲೆ ಮೊಟ್ಟೆ ಇಟ್ಟರೆ ಬೆಳೆಯೇ ಹೋಯಿತು ಎಂದು ಗಂಗರತ್ನಮ್ಮ ವಿವರಿಸಿದಳು. ಕಳ್ಳರನ್ನು ಕೊರಳಪಟ್ಟಿ ಹಿಡಿದು ಎಳೆದು ತಂದಿದ್ದ ಸುನಂದ, ಬೆರಳುದ್ದದ ಬಿಳಿ ಹುಳುಗಳು ಅಟ್ಟಣೆಗಟ್ಟಲೆ ಹರಿಯುವುದನ್ನು ಕಂಡು ಸೆರಗು ಬಿಗಿಹಿಡಿದು ನಿಂತಳು. ಅವಳ ಪಾಡು ನೋಡಿ ಅಂಥ ಹೊತ್ತಿನಲ್ಲೂ ಚಂದನಳಿಗೆ ನಗು ಬಂತು.

ಕೋಣೆಯ ತುಂಬ ಒಂದು ಸದ್ದಿತ್ತು. ಹೆಂಚಿನ ಮೇಲೆ ತುಂತುರು ಬಿದ್ದ ಹಾಗೆ.

"ಮಳೆನಾ?" ಸುನಂದ ಕೇಳಿದಳು.

"ಹುಳು ತಿಂತಿರೋದು ಮೇಡಂ," ಅಂದಳು ಚಂದನ. "ಕೊನೇ ಜ್ವರ ಎದ್ದಿವೆ, ಅಂದ್ರೆ ಕೊನೇ ಸಲ ಪೊರೆ ಬಿಟ್ಟಿವೆ. ಈಗ ಹೊಟ್ಟೆಬಾಕ ವಯಸ್ಸು."

ಆ ಪುಟ್ಟ ಬಾಯಿಗಳೆಲ್ಲ ಸೇರಿ ಇಷ್ಟು ದೊಡ್ಡ ಸದ್ದು ಮಾಡುತ್ತವೆಯೇ ಎಂದು ಸುನಂದ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತಳು. ಆಮೇಲೆ ಕೆಲಸ ಶುರು ಮಾಡಿದಳು. ಹಾಳೆಯನ್ನು ಇಲ್ಲೇಕೆ ಇಟ್ಟಿದ್ದರು? ಇಲಿ, ಇರುವೆ, ಧೂಳು ಬಾರದ ಜಾಗ ಊರಿನಲ್ಲಿ ಇದೊಂದೇ. ಬೀಗ? ಹಾಕಿರಲಿಲ್ಲ, ಚಿಲಕ ಮಾತ್ರ. ಯಾಕೆ? ಮಧ್ಯಾಹ್ನದ ಸೊಪ್ಪು ಹಾಕಲು ಮುನಿಶಾಮಿ ಬರುವವನಿದ್ದ. ಮನೆಯಲ್ಲಿ ಯಾರಿದ್ದರು? ಅಪ್ಪಾಜಪ್ಪ ಒಬ್ಬನೇ, ಮುಂದಿನ ಜಗಲಿಯ ಮೇಲೆ. ಅವನಿಗೆ ಕಿವಿ ಅಷ್ಟಕ್ಕಷ್ಟೆ. ತೋಟದ ಕಡೆಯಿಂದ ಬಂದರೆ ಜಗಲಿಗೆ ಕಾಣುವುದಿಲ್ಲ.

ಮುನಿಶಾಮಿ ಕೈಕಟ್ಟಿ ನಿಂತಿದ್ದ. ಮಧ್ಯಾಹ್ನವೇ ಬಂದು ಸೊಪ್ಪು ಹಾಕಿ ಹೋದೆ, ಗಳುವಿನ ಕಡೆ ನೋಡಲಿಲ್ಲ ಅಂದ.

"ಯಾವ ಸೊಪ್ಪು?"

"ಕಡ್ಡಿ ಸೊಪ್ಪು. ಇನ್ಯಾವುದು ಮೇಡಂ?"

ಈಗಿನ ಸಾಕಣೆಯಲ್ಲಿ ಎಲೆ ಬಿಡಿಸುವ ರಗಳೆಯಿಲ್ಲ ಎಂದು ಸುಬ್ರಮಣಿ ಹೇಳಿದ. ಹಿಪ್ಪುನೇರಳೆಯ ರೆಂಬೆಯನ್ನೇ ಕತ್ತರಿಸಿ ತಂದು ಹುಳುವಿನ ಮೇಲೆ ಹಾಸುತ್ತಾರೆ. ಹುಳು ಎಲೆ ತಿಂದು ಕಡ್ಡಿ ಬಿಡುತ್ತದೆ. ಮುಂದಿನ ಹೊತ್ತು ಅದರ ಮೇಲೆಯೇ ಮತ್ತೆ ರೆಂಬೆ. ಬೆಳೆ ಮುಗಿಯುವವರೆಗೂ ಆ ಹಾಸು ತೆಗೆಯುವುದಿಲ್ಲ.

"ಅಂದರೆ ನಿನ್ನೆ ಹಾಕಿದ್ದು ಇನ್ನೂ ಒಳಗೇ ಇದೆ?"

"ಇರುತ್ತೆ. ಅದನ್ನೇನು ನೋಡ್ತೀರಾ?"

"ನನಗೆ ಹುಳ ಗೊತ್ತಿಲ್ಲಪ್ಪ. ಗೊತ್ತಿಲ್ಲದವಳು ಎಲ್ಲಾ ನೋಡಬೇಕು."

ಚಂದನ ಹುಳುಗಳನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ ಹಾಸಿನ ಅಂಚು ಎತ್ತಿ ಹಿಡಿದಳು. ಸುನಂದ ಬಗ್ಗಿದಳು. ಮೇಲೆ ಇವತ್ತು ಬೆಳಗಿನ ಕಡ್ಡಿಗಳು. ಅದರ ಕೆಳಗೆ ರಾತ್ರಿಯ ಕಡ್ಡಿಗಳು. ಅದರ ಕೆಳಗೆ —

"ಇಲ್ಲಿ ಯಾಕೆ ಕಡ್ಡಿ ಇಲ್ಲ?"

ಆ ಪದರದಲ್ಲಿ ಒಂದೂ ಕಡ್ಡಿ ಇರಲಿಲ್ಲ. ಬರೀ ಎಲೆಯ ನಾರು, ಹಿಕ್ಕೆ. ಕೆಳಗೆ ಮತ್ತೆ ನಿನ್ನೆ ಬೆಳಗಿನ ಕಡ್ಡಿಗಳು. ಗಂಗರತ್ನಮ್ಮ ಇನ್ನೊಂದು ಅಟ್ಟಣೆ ಎತ್ತಿ ನೋಡಿದಳು. ಅಲ್ಲೂ ಹಾಗೇ. ಮೇಲಿನ ಅಂತಸ್ತಿನಲ್ಲೂ ಹಾಗೇ.

ಆಗ ಅವಳಿಗೆ ನೆನಪಾಯಿತು. ಸೊಪ್ಪಿನ ಮೂಲೆಯಲ್ಲಿ ಎಲೆ ಬಿಡಿಸಿದ ಬೋಳು ಕಡ್ಡಿಗಳ ರಾಶಿ ಇತ್ತು. ನಿನ್ನೆ ಸಂಜೆ ಹಾಳೆಯ ಗಾಬರಿಯಲ್ಲಿ ಅದನ್ನು ಹೊರಗೆ ಎಸೆದಿದ್ದಳು. ಒಗೆದು ಹಾಕಿದ್ದ ಟವೆಲ್ಲು ಹಸಿರು ಕಲೆಯಾಗಿ ಒದ್ದೆಯಾಗಿತ್ತು. ಮೈದುನನ ಅಚ್ಚುಕಟ್ಟು ಇಷ್ಟೇ ಎಂದು ಬೈದುಕೊಂಡಿದ್ದಳು. ನಿನ್ನೆ ಮುಂಜಾನೆ ಹನಿ ಬಿದ್ದು, ಮಧ್ಯಾಹ್ನಕ್ಕೆಂದು ಕೊಯ್ದಿಟ್ಟ ಸೊಪ್ಪೆಲ್ಲ ನೆನೆದಿತ್ತು. ಒದ್ದೆ ಸೊಪ್ಪು ತಿಂದರೆ ಹುಳುವಿಗೆ ರೋಗ.

ಸುನಂದ ಮುನಿಶಾಮಿಯ ಕಡೆ ತಿರುಗಿದಳು. "ಇಷ್ಟೂ ಎಲೆ ಬಿಡಿಸಿ, ಒಂದೊಂದಾಗಿ ಒರೆಸಿ ಹಾಕಿದ್ದು ನೀವಾ?"

ಮುನಿಶಾಮಿ ನೆಲ ನೋಡಿದ. ಕಾರ್ಖಾನೆಯಲ್ಲಿ ಹೆಚ್ಚುವರಿ ಪಾಳಿ ಕೂರಿಸಿದ್ದರಂತೆ. ಬಂದಾಗ ಬಿಸಿಲು ಇಳಿದಿತ್ತು. ಅಣ್ಣನ ಬೈಗುಳಕ್ಕೆ ಹೆದರಿ ಸುಳ್ಳು ಹೇಳಿದ್ದ.

"ನಾನು ಬಂದಾಗ ಹುಳು ಸೊಪ್ಪು ತಿಂತಿದ್ವು ಮೇಡಂ. ಪರದೆ ಕಟ್ಟಿತ್ತು. ಅಪ್ಪನೇ ಹಾಕಿರ್ತಾನೆ ಅಂದ್ಕೊಂಡು ಹೊರಟುಹೋದೆ."

ಎಲ್ಲರೂ ಜಗಲಿಗೆ ಬಂದರು. ಅಪ್ಪಾಜಪ್ಪನ ಕಿವಿಯ ಬಳಿ ಕೂಗಿ ಕೇಳಬೇಕಾಯಿತು. ಅವನು ಬಲತೋಳು ಎತ್ತಲು ಹೋಗಿ ಅರ್ಧಕ್ಕೇ ನಿಲ್ಲಿಸಿದ. ಭುಜ ಹಿಡಿದುಕೊಂಡು ಬಹಳ ಕಾಲವಾಗಿತ್ತು. "ಮೇಲಿನ ಅಂತಸ್ತಿಗೆ ನನ್ನ ಕೈ ಎಲ್ಲಿ ಹೋಗುತ್ತಮ್ಮಾ? ಮುನಿಶಾಮಿ ಹಾಕ್ದ ಅಂದ್ಕೊಂಡೆ," ಅಂದ. ಆಮೇಲೆ, ಬಿಡಿಸಿ ಒರೆಸಿದ ಎಲೆ ಎಂದು ಕೇಳಿದ ಕೂಡಲೇ ಅವನ ಕಣ್ಣು ಸಣ್ಣದಾಯಿತು. "ಅದು ನಮ್ಮ ಕಾಲದ ಕೆಲಸ. ಬಿದಿರು ತಟ್ಟೇಲಿ ಸಾಕ್ತಿದ್ವಲ್ಲ, ಆವಾಗ. ಈಗಿನೋರಿಗೆ ಅದೆಲ್ಲಿ ಬರುತ್ತೆ?"

ಅಮರನಾಥ್ ಲೆಕ್ಕ ಹಾಕಿದ. ಹಾಗಿದ್ದರೆ ಮಧ್ಯಾಹ್ನ ಸೊಪ್ಪು ಹಾಕಿದ್ದು ಮನೆಯವರಲ್ಲ. ಕದಿಯಲು ಬಂದವನು. ಹಾಳೆ ಬಗಲಲ್ಲಿ ಇಟ್ಟುಕೊಂಡು, ಯಾವ ಗಳಿಗೆಯಲ್ಲಿ ಯಾರು ಬರುತ್ತಾರೋ ತಿಳಿಯದೆ, ಆ ಮನುಷ್ಯ ಅಷ್ಟೂ ಅಟ್ಟಣೆಗಳ ಹುಳುವಿಗೆ ಒಂದೊಂದೇ ಎಲೆ ಒರೆಸಿ ಹಾಕಿ, ಊಜಿ ಪರದೆ ಕಟ್ಟಿ ಹೋಗಿದ್ದ. ಇಂಥ ಕಳ್ಳನೂ ಇರುತ್ತಾನೆಯೇ?

"ಚೈತನ್ಯ ಇಲ್ಲಿಗೆ ಬಂದಾಗ ಹೇಗಿದ್ದ?" ಸುನಂದ ಚಂದನಳನ್ನು ಕೇಳಿದಳು.

ಪರದೆ ತೆರೆದಿಟ್ಟೇ ಬಂದು ಅಪ್ಪನ ಹತ್ತಿರ ಬೈಸಿಕೊಂಡ ಅಂದಳು ಚಂದನ. ಹುಳುವನ್ನು ಹತ್ತಿರದಿಂದ ನೋಡಿದ್ದೇ ಅವತ್ತು. ಅವರ ಮನೆಯಲ್ಲಿ ಯಾರೂ ಸಾಕಿದವರಲ್ಲ.

"ನಿನ್ನೆ ಮನೆಯಲ್ಲಿ ಯಾರೂ ಇರಲ್ಲ ಅಂತ ಹೊರಗಿನವರು ಯಾರಿಗೆ ಹೇಳಿದ್ದೆ?"

"ಯಾರಿಗೂ ಇಲ್ಲ ಮೇಡಂ. ಭಾನುವಾರ ಕ್ಲಾಸಿಗೆ ಬಾ ಅಂತ ಮುರಳಿಮೋಹನ್ ಸಾರ್ ಕರೆದಿದ್ರು. ಮನೆಯವರೆಲ್ಲ ಮದುವೆಗೆ ಹೋಗ್ತೀವಿ ಅಂದೆ."

"ಅವರು ಇನ್ನೇನು ಹೇಳಿದರು, ನಿನ್ನ ಹಾಳೆ ನೋಡಿ?"

ಚಂದನ ನೆನಪಿಸಿಕೊಂಡು ಹೇಳಿದಳು. ಇದನ್ನು ಎಲ್ಲಿಡುತ್ತೀಯ ಎಂದು ಮೊದಲು ಕೇಳಿದರಂತೆ, ಹುಳು ಮನೆಯಲ್ಲಿ ಅಂದಿದ್ದಳಂತೆ. ಆಮೇಲೆ, ಸಂದರ್ಶನದಲ್ಲಿ ಹುಳು ಸಾಕುವ ಮಾತು ಎತ್ತಬೇಡ, ಅಪ್ಪನಿಗೆ ಜವಳಿ ವ್ಯವಹಾರ ಅನ್ನು ಅಂದರಂತೆ.

ಅಮರನಾಥನಿಗೆ ಸಿಟ್ಟೇ ಬಂತು. ಆ ಮನುಷ್ಯ ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿ, ಹುಳು ಅಂದರೆ ಮಾರು ದೂರ ನಿಲ್ಲುವವರು ಎಂದು ವಾದ ಮಾಡಿದ.

"ಬೆಂಗಳೂರಿನವರು ಅಂತ ಹೇಳಿದ್ಯಾರು?"

"ಅವರೇ."

"ಹ್ಞೂಂ," ಅಂದಳು ಸುನಂದ. "ಒಂದು ತಟ್ಟೇಲಿ ಸ್ವಲ್ಪ ಹುಳು ಹಾಕಿಕೊಡಮ್ಮ. ಒಂದು ಕಟ್ಟು ಸೊಪ್ಪೂ ಬೇಕು. ಸೊಪ್ಪಿಗೆ ನೀರು ಚಿಮುಕಿಸು."

ಕೋಲಾರದ ಆ ತರಬೇತಿ ಕೇಂದ್ರ ಬಸ್‌ಸ್ಟ್ಯಾಂಡಿನ ಹಿಂದಿನ ಕಟ್ಟಡದ ಮಹಡಿಯಲ್ಲಿತ್ತು. ದಾರಿಯುದ್ದಕ್ಕೂ ತಟ್ಟೆ ಚಂದನಳ ತೊಡೆಯ ಮೇಲಿತ್ತು. ಹುಳು ಹಸಿದಿವೆ, ಸೊಪ್ಪು ಹಾಕುತ್ತೇನೆ ಎಂದು ಅವಳು ಮೂರ್ನಾಲ್ಕು ಸಲ ಕೇಳಿದಳು. ಇನ್ನು ಸ್ವಲ್ಪ ಹೊತ್ತು ತಡಿ ಎಂದು ಸುನಂದ ಗದರಿದಳು.

ಮುರಳಿಮೋಹನ್ ಬಿಳಿ ಅಂಗಿ ತೊಟ್ಟು, ಮೆದು ಮಾತಿನಲ್ಲಿ ಎಲ್ಲರನ್ನೂ ಕೂರಿಸಿದ. ಚೈತನ್ಯ ಮೂಲೆಯಲ್ಲಿ ತನ್ನ ಮಣ್ಣಿನ ಮಡಕೆಗಳ ಪೆಟ್ಟಿಗೆ ಕಟ್ಟುತ್ತಿದ್ದ. ಚಂದನಳನ್ನು ಕಂಡು ಎದ್ದು ಬಂದು, ಹಾಳೆ ಸಿಕ್ಕಿತಾ ಎಂದು ಕೇಳಿದ. ಇಲ್ಲ ಅಂದಾಗ ಅವನ ಮುಖ ಸಪ್ಪಗಾಯಿತು. ಅದರಲ್ಲಿ ನಟನೆಯಿರಲಿಲ್ಲ, ಅಮರನಾಥನಿಗೆ ತನ್ನ ಅನುಮಾನದ ಬಗ್ಗೆ ನಾಚಿಕೆಯಾಯಿತು.

ಹಾಳೆ ಹೋಯಿತು, ಇನ್ನೇನು ಮಾಡುವುದು, ಜೀವಂತ ಹುಳುಗಳನ್ನೇ ತೆಗೆದುಕೊಂಡು ಹೋಗಿ ತೋರಿಸಲಿ ಅಂತಿದ್ದೇವೆ, ತಮ್ಮ ಸಲಹೆ ಬೇಕು — ಹೀಗೆಂದು ಸುನಂದ ತಟ್ಟೆಯನ್ನು ಅವನ ಮೇಜಿನ ಮೇಲೆ ಇಟ್ಟಳು. ಸೊಪ್ಪಿನ ಕಟ್ಟನ್ನು ಅವನ ಕೈಯ ಪಕ್ಕಕ್ಕೇ ಇಟ್ಟಳು. ಮುರಳಿಮೋಹನ್ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ತನಗೆ ಇವನ್ನೆಲ್ಲ ನೋಡಿ ಅಭ್ಯಾಸವಿಲ್ಲ ಎಂದು ನಕ್ಕ.

ಸುನಂದ ಹುಳುವಿನ ಮಾತು ಅಲ್ಲಿಗೇ ಬಿಟ್ಟಳು. ಸಂದರ್ಶನದಲ್ಲಿ ಎಷ್ಟು ಜನ ಕೂರುತ್ತಾರೆ? ಕನ್ನಡದಲ್ಲಿ ಮಾತಾಡಬಹುದಾ? ಬೆಳಗಿನ ಟ್ರಾಫಿಕ್ಕಿನಲ್ಲಿ ಎಷ್ಟಕ್ಕೆ ಹೊರಡಬೇಕು? ಅವಳ ಪ್ರಶ್ನೆಗಳು ಮುಗಿಯಲಿಲ್ಲ. ತನ್ನ ವಿಷಯ ಬಂದದ್ದೇ ಮುರಳಿಮೋಹನ್ ಉತ್ಸಾಹದಿಂದ ಉತ್ತರ ಕೊಟ್ಟ. ತಟ್ಟೆಯಲ್ಲಿ ಹುಳುಗಳು ಅಂಚಿಗೆ ಬಂದು, ಮುಂಭಾಗ ಎತ್ತಿ, ತಲೆಯನ್ನು ಅತ್ತ ಇತ್ತ ಆಡಿಸತೊಡಗಿದವು. ಅವನ ಕಣ್ಣು ಒಂದು ಸಲ ಅತ್ತ ಹೋಯಿತು. ಮತ್ತೊಂದು ಸಲ ಹೋಯಿತು. ಮಾತು ನಿಲ್ಲಲಿಲ್ಲ.

ಆಮೇಲೆ ನಡೆದದ್ದನ್ನು ಅಮರನಾಥ್ ಕಣ್ಣು ಕೀಳದೆ ನೋಡಿದ. ಮಾತಾಡುತ್ತಾಡುತ್ತಲೇ ಮುರಳಿಮೋಹನನ ಎಡಗೈ ಒಂದು ರೆಂಬೆ ತೆಗೆದುಕೊಂಡಿತು. ಒಮ್ಮೆ ಕೊಡವಿತು. ಬಲಗೈ ಒಂದು ಎಲೆ ಕಿತ್ತು, ಜೇಬಿನ ಕರವಸ್ತ್ರದಲ್ಲಿ ಹಿಂದೆಮುಂದೆ ಒರೆಸಿ, ಹೆಬ್ಬೆರಳಿನ ಉಗುರಿನಿಂದ ತೊಟ್ಟು ಚಿವುಟಿ, ಹುಳುವಿನ ಮೇಲೆ ಹಗುರಾಗಿ ಇಟ್ಟಿತು. ಇನ್ನೊಂದು ಎಲೆ. ಮತ್ತೊಂದು. ಆ ಬೆರಳುಗಳಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಚಂದನ ಅಮರನಾಥನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಸುನಂದ ಪ್ರಶ್ನೆ ನಿಲ್ಲಿಸಿದಳು. ಕೋಣೆಯಲ್ಲಿ ಹುಳು ತಿನ್ನುವ ಸದ್ದು ಮಾತ್ರ ಉಳಿಯಿತು.

"ಒಳ್ಳೇ ಕೈ ನಿಮ್ಮದು ಸಾರ್," ಅಂದಳು. "ಒರೆಸದೆ ಹಾಕಬಾರದು ಅಂತ ಬೆಂಗಳೂರಿನಲ್ಲಿ ಯಾರು ಹೇಳಿಕೊಟ್ಟರು?"

ಮುರಳಿಮೋಹನ್ ತನ್ನ ಕೈ ನೋಡಿಕೊಂಡ. ಅರ್ಧ ಒರೆಸಿದ ಎಲೆ ಬೆರಳಲ್ಲೇ ಇತ್ತು.

"ನಿನ್ನೆ ಮಧ್ಯಾಹ್ನ ಹುಳು ಮನೆಗೆ ಬಂದವರು ಎರಡು ಕೆಲಸ ಮಾಡಿದರು," ಸುನಂದಳ ದನಿ ಏರಲಿಲ್ಲ. "ಹಾಳೆ ತಗೊಂಡರು, ಹುಳುಗೆ ಸೊಪ್ಪು ಹಾಕಿದರು. ಮೊದಲನೇದು ಎಲ್ಲರಿಗೂ ಕಾಣ್ತು. ಎರಡನೇದು ಯಾರಿಗೂ ಕಾಣಲಿಲ್ಲ, ಯಾಕಂದ್ರೆ ಅದು ಆ ಮನೇಲಿ ದಿನಾ ನಡೆಯೋ ಕೆಲಸ. ನಾನು ಹಾಕ್ದೆ ಅಂತ ಚಿಕ್ಕಪ್ಪ ಸುಳ್ಳು ಹೇಳಿದ, ಎಲ್ಲರೂ ನಂಬಿದರು. ಆದರೆ ಹಾಸಿನಲ್ಲಿ ಒಂದು ಹೊತ್ತಿನ ಕಡ್ಡಿ ಇರಲಿಲ್ಲ. ಈಗ ಸಾಕುವವರು ಕಡ್ಡಿ ಹಾಕ್ತಾರೆ. ಎಲೆ ಬಿಡಿಸಿ ಒರೆಸಿ ಹಾಕೋದು ಹಿಂದಿನವರು. ಅಂದರೆ ಬಂದವರು ಹುಳು ಮನೇಲೇ ಬೆಳೆದವರು, ಆದರೆ ಕಡ್ಡಿ ಸೊಪ್ಪು ಬರೋ ಮುಂಚೆಯೇ ಆ ಮನೆ ಬಿಟ್ಟವರು. ತಾತ ಅಲ್ಲ, ಅವರ ಕೈ ಮೇಲಕ್ಕೆ ಹೋಗಲ್ಲ. ಈ ಹುಡುಗ ಅಲ್ಲ, ಇವನಿಗೆ ಪರದೆ ಕಟ್ಟೋದೂ ಗೊತ್ತಿಲ್ಲ. ಮನೆ ಖಾಲಿ ಇರುತ್ತೆ ಅಂತ ಗೊತ್ತಿದ್ದ ಇನ್ನೊಬ್ಬರು ನೀವು. ಸಾರ್, ನಿಮ್ಮದು ಯಾವೂರು?"

ಕೈಯಲ್ಲಿದ್ದ ಎಲೆಯನ್ನು ಅವನು ಪೂರ್ತಿ ಒರೆಸಿ ತಟ್ಟೆಗೆ ಇಟ್ಟ.

"ಮಾಲೂರಿನ ಕಡೆ," ಅಂದ. ಆ ಮೆದು ದನಿ ಹೋಗಿ ಬೇರೊಂದು ದನಿ ಬಂದಿತ್ತು. "ಹಳ್ಳಿ."

ಅವನು ಎದ್ದು ಬೀರು ತೆಗೆದು ಸುರುಳಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಒಂದು ಮಡಿಕೆಯೂ ಬಿದ್ದಿರಲಿಲ್ಲ. ಎರಡು ವರ್ಷದಿಂದ ಅವನ ಕೇಂದ್ರದಿಂದ ಯಾರೂ ಆಯ್ಕೆಯಾಗಿರಲಿಲ್ಲವಂತೆ. ಈ ಸಲವೂ ಇಲ್ಲವಾದರೆ ಬಾಗಿಲು ಹಾಕಬೇಕಿತ್ತು. ಈ ಹಾಳೆಯ ಮುಂದೆ ಚೈತನ್ಯನ ಮಡಕೆಗಳು ನಿಲ್ಲುವುದಿಲ್ಲ ಎಂದು ನೋಡಿದ ಗಳಿಗೆಯಲ್ಲೇ ತಿಳಿದಿತ್ತು. ಸಂದರ್ಶನ ಮುಗಿದ ಮೇಲೆ ಗುಟ್ಟಾಗಿ ವಾಪಸ್ಸು ಇಟ್ಟುಬಿಡೋಣ ಅಂದುಕೊಂಡಿದ್ದ. ಚೈತನ್ಯ ಇದನ್ನೆಲ್ಲ ಕೇಳಿಸಿಕೊಂಡ. ಆಮೇಲೆ ತನ್ನ ಪೆಟ್ಟಿಗೆಯನ್ನು ಎತ್ತಿಕೊಂಡು ಬಾಗಿಲ ಬಳಿಗೆ ಹೋಗಿ ನಿಂತ. ಆ ಮೇಷ್ಟ್ರ ಪಕ್ಕ ನಿಲ್ಲಲು ಅವನಿಗೆ ಮನಸ್ಸಿರಲಿಲ್ಲ.

"ಅಷ್ಟೇ ಅಲ್ಲಮ್ಮ," ಮುರಳಿಮೋಹನ್ ಚಂದನಳಿಗೆ ಹೇಳಿದ. "ನಾನೂ ಹುಳುವಿನ ತಟ್ಟೆಗಳ ಮಧ್ಯೆಯೇ ಬೆಳೆದವನು. ಅದನ್ನ ಬಚ್ಚಿಟ್ಟುಕೊಂಡೇ ಇಲ್ಲಿಗೆ ಬಂದೆ. ನೀನು ನೋಡಿದ್ದನ್ನ ನಾನೂ ದಿನಾ ನೋಡ್ತಿದ್ದೆ. ನನ್ನ ಕಣ್ಣಿಗೆ ಯಾಕೆ ಬೀಳಲಿಲ್ಲ? ಆ ಸಂಕಟ ತಡೆಯೋಕೆ ಆಗಲಿಲ್ಲ."

ಚಂದನ ಸುರುಳಿ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದು, ಅಂಚಿನಿಂದ ಅಂಚಿಗೆ ನೋಡಿದಳು. ಬೆಟ್ಟಗಳು ಇದ್ದವು. ಕೆರೆ ಇತ್ತು.

"ನಮ್ಮ ಹುಳುಗೆ ಯಾಕೆ ಸೊಪ್ಪು ಹಾಕಿದ್ರಿ?" ಎಂದು ಕೇಳಿದಳು.

"ತಲೆ ಎತ್ಕೊಂಡು ನೋಡ್ತಿದ್ವಮ್ಮ. ಹಂಗೇ ಬಿಟ್ಟು ಹೆಂಗೆ ಬರಲಿ?"

ಅಮರನಾಥನಿಗೆ ಆ ಮನುಷ್ಯನ ಮೇಲೆ ಸಿಟ್ಟು ಮಾಡಲೂ ಬರಲಿಲ್ಲ, ಬಿಡಲೂ ಬರಲಿಲ್ಲ. ಒಂದು ಮಗುವಿನ ಭವಿಷ್ಯವನ್ನು ಬಗಲಲ್ಲಿ ಹೊತ್ತು ಹೊರಟವನನ್ನು ಹಸಿದ ಹುಳುಗಳು ತಡೆದು ನಿಲ್ಲಿಸಿ ಕೆಲಸ ಮಾಡಿಸಿಕೊಂಡಿದ್ದವು. ಮನುಷ್ಯನ ಒಳಗೆ ಏನೇನು ಒಟ್ಟಿಗೆ ಇರುತ್ತದೆ ಎಂದು ಅವನು ಬೆರಗಾಗಿ ಕೂತ. ದೂರು ಕೊಡುವುದು ಬಿಡುವುದು ನಿನಗೆ ಬಿಟ್ಟದ್ದು ಎಂದು ಸುನಂದ ಚಂದನಳಿಗೆ ಹೇಳಿದಳು. ಅವಳು ಯೋಚಿಸಿ, ಚೈತನ್ಯನಿಗೆ ಇದರಲ್ಲಿ ಏನೂ ಗೊತ್ತಿರಲಿಲ್ಲವೆಂದು ಅವನ ಮನೆಗೆ ಹೋಗಿ ಸಾರ್ ಅವರೇ ಹೇಳಬೇಕು ಅಂದಳು. ಉಳಿದದ್ದು ನಾಳೆ ಕಳೆದ ಮೇಲೆ ಅಂದಳು. ಮುರಳಿಮೋಹನ್ ಅವತ್ತೇ ಹೋಗಿ ಹೇಳಿದ. ಆ ವಾರವೇ ಕೇಂದ್ರದ ಬಾಗಿಲು ಹಾಕಿದ.

ಸಂದರ್ಶನದ ಫಲಿತಾಂಶ ಬಂದದ್ದು ಮುಂದಿನ ಬೆಳೆಯ ಹೊತ್ತಿಗೆ. ಅಮರನಾಥ್ ಕಾಲೇಜಿನ ಸ್ಟಾಫ್ ರೂಮಿನಲ್ಲೇ ಫೋನಿನಲ್ಲಿ ನೋಡಿದ. ನೋಡಿ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಚಂದನಳಿಗೆ ಫೋನು ಮಾಡಿದರೆ ಎತ್ತಲಿಲ್ಲ. ಸುಬ್ರಮಣಿಯೂ ಎತ್ತಲಿಲ್ಲ. ಪಾಠ ಬಿಟ್ಟು ಕಾರು ಹತ್ತಿದ.

ಹುಳು ಮನೆಯಲ್ಲಿ ಇಡೀ ಮನೆ ಬಗ್ಗಿ ನಿಂತಿತ್ತು. ಹುಳು ಹಣ್ಣಾಗಿದ್ದವು. ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡುವ ಹೊತ್ತಿನಲ್ಲಿ ಯಾರು ಬಂದರೂ, ಏನೇ ಆದರೂ, ಕೈ ನಿಲ್ಲಿಸುವ ಹಾಗಿಲ್ಲ. ತಡವಾದರೆ ನೂಲೆಲ್ಲ ಸೊಪ್ಪಿನ ಮೇಲೇ ಹೋಗುತ್ತದೆ. ಮುನಿಶಾಮಿ ರಜೆ ಹಾಕಿ ಬಂದಿದ್ದ. ಅಪ್ಪಾಜಪ್ಪನೂ ಸ್ಟೂಲಿನ ಮೇಲೆ ಕೂತು ಆರಿಸುತ್ತಿದ್ದ. ಅಮರನಾಥ್ ಪರದೆಯಾಚೆ ನಿಂತು ಏದುಸಿರು ಬಿಡುತ್ತ, ರಿಸಲ್ಟ್ ಬಂತು ಅಂದ. ಎಲ್ಲರ ತಲೆಗಳು ಎದ್ದವು, ಕೈಗಳು ಆಡುತ್ತಲೇ ಇದ್ದವು. ಕೈಕಾಲು ತೊಳೆದುಕೊಂಡು ಒಳಗೆ ಬನ್ನಿ ಸಾರ್, ಪರದೆ ಕಟ್ಟಿ ಬನ್ನಿ, ಎಂದು ಗಂಗರತ್ನಮ್ಮ ಕೂಗಿದಳು.

ಅವನು ತೊಳೆದುಕೊಂಡು, ಸುಣ್ಣ ತುಳಿದು, ಪರದೆ ಕಟ್ಟಿ ಬಂದ. ಚಂದನ ಎರಡೂ ಕೈಯ ಬೊಗಸೆಯಲ್ಲಿ ಹಣ್ಣು ಹುಳು ತುಂಬಿಕೊಂಡು ನಿಂತಿದ್ದಳು. ಫೋನು ಹಿಡಿಯಲು ಅವಳಿಗೆ ಕೈಯಿರಲಿಲ್ಲ.

"ಓದಿ ಸಾರ್," ಅಂದಳು.

ಅವನು ಓದಿದ. ಅವಳ ಹೆಸರು, ಅಪ್ಪನ ಹೆಸರು, ಊರಿನ ಹೆಸರು, ಕಾಲೇಜಿನ ಹೆಸರು. ಆಯ್ಕೆಯಾಗಿದ್ದಾರೆ. ಸುಬ್ರಮಣಿ ತೋಳಿನಿಂದ ಕಣ್ಣೊರೆಸಿಕೊಂಡು ಮತ್ತೆ ಅಟ್ಟಣೆಗೆ ಬಗ್ಗಿದ. ಚಂದನ ಬೊಗಸೆಯ ಹುಳುಗಳನ್ನು ಒಂದೂ ಬೀಳದಂತೆ ಚಂದ್ರಿಕೆಯ ಮೇಲೆ ಬಿಟ್ಟಳು, ಮತ್ತೆ ಬೊಗಸೆ ತುಂಬಿಕೊಂಡಳು.

"ಇನ್ನೊಂದ್ಸಲ ಓದಿ ಸಾರ್," ಅಂದಳು.